ಸಿಜಿನ್ಯಾಟ್ ಹಿಂದಿನ ಮನೆ ಕ್ಲಸ್ಟರ್: ನೆಕ್ಸ್ಟ್‌ಕ್ಲೌಡ್ ಅನ್ನು ಹೊರಗಿನವರಿಗೆ ಸುರಕ್ಷಿತವಾಗಿ ತೆರೆಯುವುದು ಹೇಗೆ?

ತಾಳಮದ್ದಳೆ_ಕಡತ

ಮನೆಯಲ್ಲಿ ಮೂರು ಮಿನಿ ಪಿಸಿಗಳ ಕೆ3ಎಸ್ (ಹಗುರ ಕುಬರ್ನೆಟಿಸ್) ಕ್ಲಸ್ಟರ್ ಇದೆ, ಅಂದರೆ ಮೂರೂ ಯಂತ್ರ (ನೋಡ್) ಒಂದಾಗಿ ಆ್ಯಪ್‌ಗಳನ್ನು ಪಾಡ್ ಎಂಬ ಪೊಟ್ಟಣಗಳಲ್ಲಿ ಓಡಿಸುತ್ತವೆ. ತಲಾ 16 ಜಿಬಿ ರ‍್ಯಾಮ್, ಉಬುಂಟು 24.04, ಕೆ3ಎಸ್ ಜೊತೆಗೇ ಬರುವ ಟ್ರೆಫಿಕ್ ಇಂಗ್ರೆಸ್ (ಹೊರಗಿನ ವಿನಂತಿಯನ್ನು ಸರಿಯಾದ ಆ್ಯಪ್‌ಗೆ ಕಳಿಸುವ ಬಾಗಿಲು), ಜೊತೆಗೇ ಬರುವ ಸರ್ವಿಸ್‌ಎಲ್‌ಬಿ (ನೋಡ್‌ನ ಪೋರ್ಟ್‌ಗೆ ಬಂದದ್ದನ್ನು ಟ್ರೆಫಿಕ್‌ಗೆ ಕೊಡುವ ಭಾಗ). ಫೈಲುಗಳು ನ್ಯಾಸ್‌ನಲ್ಲಿವೆ (ಮನೆಯ ಜಾಲದ ಸಂಗ್ರಹ ಪೆಟ್ಟಿಗೆ), ಎನ್‌ಎಫ್‌ಎಸ್ ಮೂಲಕ ಮೌಂಟ್ ಆಗುತ್ತವೆ. ಕ್ಲಸ್ಟರ್ ಮೇಲೆ ಫೈಲ್ ಹಂಚುವ ನೆಕ್ಸ್ಟ್‌ಕ್ಲೌಡ್, ಅದರ ಡೇಟಾಬೇಸ್ ಪೋಸ್ಟ್‌ಗ್ರೆಸ್, ಕ್ಯಾಶ್ ರೆಡಿಸ್ ಓಡುತ್ತಿವೆ. ಮನೆಯೊಳಗಿನಿಂದ ಎಲ್ಲವೂ ಸರಿ.

ಇದರಲ್ಲಿ ಇಡುವುದು ತಾಳಮದ್ದಳೆಯ ಧ್ವನಿಮುದ್ರಣಗಳು. ಎಂಟು ಜನ ಅಪ್‌ಲೋಡ್ ಮಾಡಬೇಕು: ಕೆಲವರು ಉಡುಪಿ, ಶಿರಸಿಯಲ್ಲಿದ್ದಾರೆ, ಒಬ್ಬರು ಬಹ್ರೇನ್‌ನಲ್ಲಿ. ಇವರಲ್ಲದೆ ಕೇಳುಗರಿಗೆ ಖಾತೆ ಇಲ್ಲದೆಯೇ ತೆರೆಯುವ ಹಂಚಿಕೆ ಲಿಂಕ್‌ಗಳೂ ಬೇಕು.

ರೂಟರ್‌ನಲ್ಲಿ 443 (ಹೆಚ್‌ಟಿಟಿಪಿಎಸ್‌ನ ಪೋರ್ಟ್) ಅನ್ನು ಒಂದು ನೋಡ್‌ಗೆ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಉತ್ತರವಿಲ್ಲ. ರೂಟರ್‌ನ ವ್ಯಾನ್ (ಹೊರಬದಿಯ) ವಿಳಾಸ 100.72ರಿಂದ ಶುರುವಾಗುತ್ತದೆ. ಸಂಪರ್ಕ ಪಿಪಿಪಿಒಇ (ರೂಟರ್ ಕಂಪನಿಗೆ ಲಾಗಿನ್ ಆಗುವ ಬಗೆ). ಹೊರಗೆ ತೆರೆಯುವ ಸರಿಯಾದ ದಾರಿ ಯಾವುದು? ತೆರೆದ ಮೇಲೆ ಒಳಗೆ ಏನೇನು ಬಿಗಿ ಮಾಡಬೇಕು?

---

ಬೇಲಿಗೂಟ

ನಿಮ್ಮ ಪೋರ್ಟ್ ಫಾರ್ವರ್ಡಿಂಗ್ ತಪ್ಪಾಗಿಲ್ಲ. 100.64.0.0ರಿಂದ 100.127.255.255ರವರೆಗಿನ ವಿಳಾಸಗಳು ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದೇ 2012ರಲ್ಲಿ ತೆಗೆದಿಟ್ಟವು. 100.72 ಅದರೊಳಗೇ ಬರುತ್ತದೆ. ಅಂದರೆ ನಿಮ್ಮ ರೂಟರ್‌ಗೂ ಇಂಟರ್ನೆಟ್‌ಗೂ ನಡುವೆ ಕಂಪನಿಯ ಇನ್ನೊಂದು ನ್ಯಾಟ್ (ಹಲವು ಮನೆಗಳಿಗೆ ಒಂದೇ ಹೊರ ವಿಳಾಸ ಹಂಚುವ ವ್ಯವಸ್ಥೆ, ಇದೇ ಸಿಜಿನ್ಯಾಟ್) ಇದೆ, ಅದರ ಮೇಲೆ ನಿಮಗೆ ಹಿಡಿತವಿಲ್ಲ. ಡೈನಮಿಕ್ ಡಿಎನ್‌ಎಸ್ ಹಾಕಿದರೂ ಪ್ರಯೋಜನವಿಲ್ಲ. ಹೆಸರು ಸರಿಯಾದ ವಿಳಾಸವನ್ನೇ ತೋರಿಸುತ್ತದೆ, ಆದರೆ ಆ ವಿಳಾಸ ನೂರಾರು ಮನೆಗಳದ್ದು. ಕೆಲವು ಕಂಪನಿಗಳು ಶುಲ್ಕ ತೆಗೆದುಕೊಂಡು ಸ್ಥಿರ ಐಪಿ ಕೊಡುತ್ತವೆ. ಸಿಕ್ಕರೂ ನಾನು ಬೇಡ ಎನ್ನುತ್ತೇನೆ: ಮನೆಯ ವಿಳಾಸ ಡಿಎನ್‌ಎಸ್‌ನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ, ದಾಳಿಯ ದಟ್ಟಣೆ ನೇರ ನಿಮ್ಮ ಫೈಬರ್‌ಗೇ ಬರುತ್ತದೆ.

ಉಳಿಯುವುದು ಒಳಗಿನಿಂದ ಹೊರಕ್ಕೆ ಸುರಂಗ ತೋಡುವ ದಾರಿ. ಸಂಪರ್ಕ ಶುರುಮಾಡುವುದು ನಿಮ್ಮ ಮನೆಯ ಯಂತ್ರ, ಆದ್ದರಿಂದ ಸಿಜಿನ್ಯಾಟ್ ಅಡ್ಡಿಯಾಗುವುದಿಲ್ಲ, ರೂಟರ್‌ನಲ್ಲಿ ಒಂದು ಪೋರ್ಟನ್ನೂ ತೆರೆಯಬೇಕಾಗಿಲ್ಲ. ಈಗ ಹಾಕಿರುವ ಫಾರ್ವರ್ಡ್ ನಿಯಮವನ್ನು ಇವತ್ತೇ ಅಳಿಸಿಬಿಡಿ. ನಾಳೆ ಕಂಪನಿ ನಿಮಗೆ ನೇರ ವಿಳಾಸ ಕೊಟ್ಟರೆ ಅದು ಸದ್ದಿಲ್ಲದೆ ಜೀವ ಪಡೆಯುತ್ತದೆ.

ಎಂಟು ಜನ ಮಾತ್ರ ಆಗಿದ್ದರೆ ಟೇಲ್‌ಸ್ಕೇಲ್ (ಆಯ್ದ ಯಂತ್ರಗಳ ನಡುವಿನ ಖಾಸಗಿ ಜಾಲ) ಹಾಕಿ ಮುಗಿಸಿ ಎನ್ನುತ್ತಿದ್ದೆ, ಇಂಟರ್ನೆಟ್‌ಗೆ ತೆರೆಯುವ ಮಾತೇ ಬೇಡವಿತ್ತು. ಖಾತೆ ಇಲ್ಲದ ಕೇಳುಗರೂ ಬೇಕೆಂದ ಮೇಲೆ ಸಾರ್ವಜನಿಕ ಬಾಗಿಲು ಬೇಕೇ ಬೇಕು. ಟೇಲ್‌ಸ್ಕೇಲ್‌ನ ಫನಲ್ ಸಾರ್ವಜನಿಕರಿಗೆ ತೆರೆಯಬಲ್ಲದು, ಆದರೆ 443, 8443, 10000 ಈ ಮೂರೇ ಪೋರ್ಟ್, ನಿಮ್ಮ ಸ್ವಂತ ಡೊಮೇನ್ ಹೆಸರು ನಡೆಯುವುದಿಲ್ಲ, ವೇಗಕ್ಕೂ ಅವರದೇ ಮಿತಿ ಇದೆ. ನಿಮ್ಮ ಕೆಲಸಕ್ಕೆ ಸಾಲದು.

ಯಾವ ದಾರಿ ಹಿಡಿದರೂ ಈ ಮೂರು ಪೋರ್ಟ್ ಹೊರಗೆ ಕಾಣಬಾರದು: ಕ್ಲಸ್ಟರ್ ನಡೆಸುವ ಎಪಿಐ ಸರ್ವರ್‌ನ 6443, ನೋಡ್‌ನ ಪಾಡ್‌ಗಳನ್ನು ನೋಡಿಕೊಳ್ಳುವ ಕ್ಯೂಬ್‌ಲೆಟ್‌ನ 10250, ನೋಡ್‌ಗಳ ನಡುವೆ ಪಾಡ್‌ಗಳ ಜಾಲ ಹೆಣೆಯುವ ಫ್ಲಾನೆಲ್‌ನ ಯುಡಿಪಿ 8472. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಫ್ಲಾನೆಲ್ ಬಳಸುವ ವಿಎಕ್ಸ್‌ಲ್ಯಾನ್‌ಗೆ ಗೂಢಲಿಪಿಯೂ ಇಲ್ಲ, ಗುರುತು ಕೇಳುವ ಪದ್ಧತಿಯೂ ಇಲ್ಲ. ಆ ಪೋರ್ಟ್ ತಲುಪಬಲ್ಲವನು ಪಾಡ್‌ಗಳ ಜಾಲದೊಳಗೇ ಪ್ಯಾಕೆಟ್ ಹಾಕಬಲ್ಲ. ಡ್ಯಾಶ್‌ಬೋರ್ಡ್‌ಗಳನ್ನಂತೂ ತೆರೆಯಲೇಬೇಡಿ. 2018ರಲ್ಲಿ ಟೆಸ್ಲಾದ ಕುಬರ್ನೆಟಿಸ್ ಡ್ಯಾಶ್‌ಬೋರ್ಡ್ ಪಾಸ್‌ವರ್ಡ್ ಇಲ್ಲದೆ ತೆರೆದುಕೊಂಡಿತ್ತು, ಅದರ ಮೂಲಕ ಒಳಬಂದವರು ಕ್ರಿಪ್ಟೊ ಗಣಿಗಾರಿಕೆ ನಡೆಸಿದ್ದರು.

---

ಹಳೇಸರ್ವರ್

ಬೇಲಿಗೂಟ ಹೇಳಿದ ಸುರಂಗದ ಒಂದು ಬಗೆಯಾದ ಕ್ಲೌಡ್‌ಫ್ಲೇರ್ ಟನಲ್ ಬಗ್ಗೆ ಹೇಳುತ್ತೇನೆ, ಏಕೆಂದರೆ ಹುಡುಕಿದರೆ ಮೊದಲು ಸಿಗುವ ಸಲಹೆ ಅದೇ.

ಕೆಲಸ ಸುಲಭ. ಸುರಂಗದ ಮನೆ ತುದಿಯ ಪ್ರೋಗ್ರಾಂ ಕ್ಲೌಡ್‌ಫ್ಲೇರ್‌ಡಿ ಅನ್ನು ಎರಡು ಪ್ರತಿಗಳ ಡಿಪ್ಲಾಯ್‌ಮೆಂಟ್ ಆಗಿ ಕ್ಲಸ್ಟರ್‌ನಲ್ಲೇ ಓಡಿಸಿ, ಟೋಕನ್ ಅನ್ನು ಸೀಕ್ರೆಟ್‌ನಲ್ಲಿಡಿ (ಕುಬರ್ನೆಟಿಸ್‌ನಲ್ಲಿ ಗುಟ್ಟು ಇಡುವ ದಾಖಲೆ), ಸಾರ್ವಜನಿಕ ಹೆಸರನ್ನು ಕ್ಲಸ್ಟರ್‌ನ ಒಳಗಿನ ಸರ್ವಿಸ್ ಹೆಸರಿಗೆ ಕಟ್ಟಿ. ಅದು ಹೊರಕ್ಕೆ 7844ರಲ್ಲಿ ನಾಲ್ಕು ಸಂಪರ್ಕ ಹಿಡಿಯುತ್ತದೆ. ಯುಡಿಪಿ ಹೋಗದಿದ್ದರೆ ಟಿಸಿಪಿಗೆ ಇಳಿಯುತ್ತದೆ. ಆ ಟೋಕನ್ ಅನ್ನು ಗಿಟ್‌ಗೆ ಹಾಕಬೇಡಿ: ಟೋಕನ್ ಸಿಕ್ಕವನು ತನ್ನ ಯಂತ್ರದಲ್ಲೂ ಅದೇ ಸುರಂಗದ ಇನ್ನೊಂದು ತುದಿ ಎಬ್ಬಿಸಬಹುದು, ನಿಮ್ಮ ಕೇಳುಗರ ಒಂದು ಪಾಲು ಅವನ ಬಳಿಗೆ ಹೋಗುತ್ತದೆ.

ನಿಮ್ಮ ವಿಷಯದಲ್ಲಿ ಇದು ಎಲ್ಲಿ ತೊಡಕಾಗುತ್ತದೆ ಅಂದರೆ, ಉಚಿತ ಯೋಜನೆಯಲ್ಲಿ ಒಂದು ಅಪ್‌ಲೋಡ್ ವಿನಂತಿಯ ಗಾತ್ರ 100 ಎಂಬಿ ದಾಟುವಂತಿಲ್ಲ. 16 ಬಿಟ್, 44.1 ಕಿಲೋಹರ್ಟ್ಸ್ ಸ್ಟೀರಿಯೊ ವೇವ್ ಫೈಲ್ ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ. ಐದು ಗಂಟೆಯ ಪ್ರಸಂಗ ಅಂದರೆ 3.2 ಜಿಬಿ. ನೆಕ್ಸ್ಟ್‌ಕ್ಲೌಡ್ ದೊಡ್ಡ ಫೈಲನ್ನು ತುಂಡು ಮಾಡಿ ಕಳಿಸುತ್ತದೆ ನಿಜ, ಆದರೆ ಡೆಸ್ಕ್‌ಟಾಪ್ ಕ್ಲೈಂಟ್ ವೇಗ ನೋಡಿಕೊಂಡು ತುಂಡಿನ ಗಾತ್ರವನ್ನು ತಾನೇ ಹಿಗ್ಗಿಸುತ್ತಾ ಹೋಗುತ್ತದೆ. 100 ದಾಟಿದ ಕ್ಷಣ 413 (ವಿನಂತಿ ತೀರಾ ದೊಡ್ಡದು) ದೋಷ ಬಂದು ಬೀಳುತ್ತದೆ. ಮೊದಲ ಕೆಲವು ತುಂಡು ಸರಿಯಾಗಿ ಹೋಗಿರುತ್ತವೆ, ಹಾಗಾಗಿ ಜನ ಬೇರೆಲ್ಲೋ ತಪ್ಪು ಹುಡುಕುತ್ತಾರೆ. ಕ್ಲೈಂಟ್‌ನ ನೆಕ್ಸ್ಟ್‌ಕ್ಲೌಡ್.ಸಿಎಫ್‌ಜಿ ಫೈಲ್‌ನಲ್ಲಿ ಮ್ಯಾಕ್ಸ್‌ಚಂಕ್‌ಸೈಜ್ ಕಟ್ಟಿಹಾಕಬಹುದು, ಆದರೆ ಎಂಟು ಜನರ ಎಂಟು ಯಂತ್ರಗಳಲ್ಲೂ ಮಾಡಬೇಕು.

ಇನ್ನೊಂದು ವಿಷಯವನ್ನು ತಿಳಿದೇ ಒಪ್ಪಿಕೊಳ್ಳಬೇಕು. ಟಿಎಲ್‌ಎಸ್ (ಹೆಚ್‌ಟಿಟಿಪಿಎಸ್‌ನ ಗೂಢಲಿಪಿ ಹೊದಿಕೆ) ಬಿಚ್ಚುವುದು ಕ್ಲೌಡ್‌ಫ್ಲೇರ್‌ನ ಅಂಚಿನ ಸರ್ವರ್‌ನಲ್ಲಿ, ಆದ್ದರಿಂದ ಪಾಸ್‌ವರ್ಡ್ ಸಹಿತ ಎಲ್ಲವೂ ಅಲ್ಲಿ ತೆರೆದ ರೂಪದಲ್ಲಿ ಹಾದುಹೋಗುತ್ತದೆ. ಮುಂದೆ ಆ್ಯಕ್ಸೆಸ್ ಎಂಬ ಲಾಗಿನ್ ಗೋಡೆ ನಿಲ್ಲಿಸಬಹುದು, 50 ಬಳಕೆದಾರರವರೆಗೆ ಉಚಿತ. ಆದರೆ ನೆಕ್ಸ್ಟ್‌ಕ್ಲೌಡ್‌ನ ಮೊಬೈಲ್ ಆ್ಯಪ್ ಆ ಲಾಗಿನ್ ಪುಟ ದಾಟಲಾರದೆ ನಿಂತುಬಿಡುತ್ತದೆ, ಹಂಚಿಕೆ ಲಿಂಕ್‌ಗಳೂ ಅಷ್ಟೇ. ಬ್ರೌಸರ್‌ನಲ್ಲಿ ಮಾತ್ರ ತೆರೆಯುವ ವಿಕಿ, ಗ್ರಫಾನಾ ಥರದವಕ್ಕೆ ಆ್ಯಕ್ಸೆಸ್ ಬಹಳ ಒಳ್ಳೆಯದು. ನಿಮ್ಮ ಕೆಲಸಕ್ಕೆ ಕೆಳಗಿನವರು ಯಾರಾದರೂ ವಿಪಿಎಸ್ (ಬಾಡಿಗೆ ಸರ್ವರ್) ದಾರಿ ಬರೆದರೆ ಅದನ್ನೇ ಹಿಡಿಯಿರಿ.

---

ಹೊಳೆದಾಟು

ವಿಪಿಎಸ್ ದಾರಿ ಹೀಗೆ. ತಿಂಗಳಿಗೆ ಐದಾರು ಡಾಲರ್‌ನ ಅತಿ ಚಿಕ್ಕ ಯಂತ್ರ ಸಾಕು, ಅದು ಮಾಡುವುದು ಪ್ಯಾಕೆಟ್ ದಾಟಿಸುವ ಕೆಲಸ ಮಾತ್ರ. ಬೆಂಗಳೂರು ಅಥವಾ ಮುಂಬೈ ಡೇಟಾ ಸೆಂಟರ್ ಆರಿಸಿ. ದೂರದ್ದನ್ನು ಆರಿಸಿದರೆ ಉಡುಪಿಯ ಅಪ್‌ಲೋಡ್ ಸಮುದ್ರ ದಾಟಿ ವಾಪಸ್ ನಿಮ್ಮ ಮನೆಗೆ ಬರುತ್ತದೆ.

ನಕ್ಷೆ: ಕೇಳುಗ ವಿಪಿಎಸ್‌ನ 443ಕ್ಕೆ ಬರುತ್ತಾನೆ. ಅಲ್ಲಿ ಹೆಚ್‌ಎಪ್ರಾಕ್ಸಿ ಎಂಬ ದಟ್ಟಣೆ ದಾಟಿಸುವ ಪ್ರೋಗ್ರಾಂ ಟಿಸಿಪಿ ಮೋಡ್‌ನಲ್ಲಿ, ಅಂದರೆ ಟಿಎಲ್‌ಎಸ್ ಬಿಚ್ಚದೆ, ವೈರ್‌ಗಾರ್ಡ್ ಸುರಂಗದೊಳಕ್ಕೆ ದಾಟಿಸುತ್ತದೆ. ಬಿಚ್ಚುವುದು ನಿಮ್ಮ ಮನೆಯ ಟ್ರೆಫಿಕ್. ಖಾಸಗಿ ಕೀಲಿ ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ವಿಪಿಎಸ್ ಒಡೆದು ಒಳಹೊಕ್ಕವನಿಗೂ ಸಿಗುವುದು ಗೂಢಲಿಪಿ ಮಾತ್ರ. ಈ ದಾರಿಯ ಸೊಗಸೇ ಇದು. ಹೆಚ್‌ಎಪ್ರಾಕ್ಸಿಯಲ್ಲೇ ಸರ್ಟಿಫಿಕೇಟ್ ಇಟ್ಟರೆ ಆ ಸೊಗಸು ಹೋಯಿತು.

ವೈರ್‌ಗಾರ್ಡ್: ವಿಪಿಎಸ್‌ಗೆ 10.99.0.1, ಮನೆಯ ಎರಡು ನೋಡ್‌ಗಳಿಗೆ 10.99.0.2 ಮತ್ತು 10.99.0.3. ಎರಡು ಏಕೆಂದರೆ ಒಂದು ನೋಡ್ ರೀಬೂಟ್ ಆಗುವಾಗ ಇನ್ನೊಂದು ಹೊರಬೇಕು. ಹೆಚ್‌ಎಪ್ರಾಕ್ಸಿಯ ಬ್ಯಾಕೆಂಡ್‌ನಲ್ಲಿ ಇಬ್ಬರನ್ನೂ ಚೆಕ್ ಸಮೇತ ಬರೆಯಿರಿ. ವಿಪಿಎಸ್ ಬದಿಯಲ್ಲಿ ಪ್ರತಿ ಪಿಯರ್‌ನ (ಸುರಂಗದ ಆಚೆ ತುದಿಯ ನೋಡ್) ಅಲೌಡ್‌ಐಪಿಸ್ (ಆ ತುದಿಗೆ ಹೋಗುವ ವಿಳಾಸಗಳು) ತನ್ನ ಒಂದೇ ವಿಳಾಸ, ಸ್ಲ್ಯಾಶ್ 32. ಇಬ್ಬರಿಗೂ 10.99.0.0/24 ಕೊಟ್ಟರೆ ಕೊನೆಗೆ ಬರೆದವನಿಗೇ ಎಲ್ಲವೂ ಹೋಗುತ್ತದೆ, ಮೊದಲಿನವನು ಕಾರಣ ಹೇಳದೆ ಸಾಯುತ್ತಾನೆ. ಮನೆಯ ಬದಿಯಲ್ಲಿ ಅಲೌಡ್‌ಐಪಿಸ್ 10.99.0.1/32 ಮಾತ್ರ, ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25. 25 ಸೆಕೆಂಡಿಗೊಮ್ಮೆ ಹೋಗುವ ಈ ಸಂಕೇತ ಹಾಕದಿದ್ದರೆ ಸಿಜಿನ್ಯಾಟ್ ನಿಮ್ಮ ಯುಡಿಪಿ ದಾರಿಯನ್ನು ಮರೆತುಬಿಡುತ್ತದೆ. ಬೆಳಿಗ್ಗೆ ಸೈಟ್ ಸತ್ತಿರುತ್ತದೆ, ಒಳಗಿನಿಂದ ಒಂದು ಪಿಂಗ್ ಕೊಟ್ಟರೆ ಬದುಕುತ್ತದೆ.

ವಿಪಿಎಸ್‌ನ ಫೈರ್‌ವಾಲ್‌ನಲ್ಲಿ ಟಿಸಿಪಿ 443, 80, ಯುಡಿಪಿ 51820, ಕೀಲಿ ಮಾತ್ರ ಒಪ್ಪುವ ಎಸ್‌ಎಸ್‌ಹೆಚ್. 80ರಲ್ಲಿ ಹೆಚ್‌ಎಪ್ರಾಕ್ಸಿಯೇ ಹೆಚ್‌ಟಿಟಿಪಿಎಸ್‌ಗೆ ತಿರುಗಿಸಲಿ, ಅದನ್ನು ಮನೆಯವರೆಗೆ ತರಬೇಡಿ.

ಈಗ ಮುಖ್ಯ ವಿಷಯ. ನೋಡ್‌ನಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿ «443 ಬಿಟ್ಟು ಎಲ್ಲ ಮುಚ್ಚು» ಅಂದರೆ ಮುಚ್ಚಿತು ಎಂದುಕೊಳ್ಳಬೇಡಿ. ಯುಎಫ್‌ಡಬ್ಲ್ಯು ನಿಯಮಗಳು ಕೂರುವುದು ಇನ್‌ಪುಟ್ ಸರಪಳಿಯಲ್ಲಿ, ಅಂದರೆ ಆ ಯಂತ್ರಕ್ಕೇ ಬಂದ ಪ್ಯಾಕೆಟ್ ನೋಡುವ ಹಂತದಲ್ಲಿ. ನೋಡ್‌ಪೋರ್ಟ್‌ಗೆ (ಪಾಡ್ ತಲುಪಲು ಪ್ರತಿ ನೋಡ್‌ನಲ್ಲೂ ತೆರೆಯುವ ಪೋರ್ಟ್) ಬಂದ ಪ್ಯಾಕೆಟ್‌ನ ಗುರಿಯನ್ನು ಕುಬರ್ನೆಟಿಸ್‌ನ ಕ್ಯೂಬ್‌ಪ್ರಾಕ್ಸಿ ಅದಕ್ಕೂ ಮೊದಲಿನ ಪ್ರೀರೂಟಿಂಗ್ ಹಂತದಲ್ಲೇ ಪಾಡ್‌ನ ವಿಳಾಸಕ್ಕೆ ಬದಲಿಸುತ್ತದೆ, ಅಲ್ಲಿಂದ ಅದು ಫಾರ್ವರ್ಡ್ ಸರಪಳಿಗೆ ಹೋಗುತ್ತದೆ, ಇನ್‌ಪುಟ್ ಕಣ್ಣಿಗೆ ಬೀಳುವುದೇ ಇಲ್ಲ. 30000ರಿಂದ 32767ರವರೆಗಿನ ಯಾವ ನೋಡ್‌ಪೋರ್ಟ್ ಇದ್ದರೂ ವಿಪಿಎಸ್‌ನಿಂದ ತಲುಪಬಹುದು. ಆದ್ದರಿಂದ ತಡೆಯನ್ನು ಆ ಬದಲಾವಣೆಗೂ ಮೊದಲು ಹಾಕಬೇಕು: ಲಿನಕ್ಸ್‌ನ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ನಲ್ಲಿ ಪ್ರೀರೂಟಿಂಗ್ ಹುಕ್, ಆದ್ಯತೆ ಮೈನಸ್ 300. ಗುರಿ ಬದಲಾಗುವುದು ಮೈನಸ್ 100ರಲ್ಲಿ, ಹಾಗಾಗಿ ನಿಮ್ಮ ನಿಯಮ ಮೂಲ ಪೋರ್ಟ್ ಸಂಖ್ಯೆಯನ್ನೇ ನೋಡುತ್ತದೆ. ನಿಯಮ ಇಷ್ಟೇ: ವೈರ್‌ಗಾರ್ಡ್ ಇಂಟರ್‌ಫೇಸ್‌ನಿಂದ ಬಂದ ಟಿಸಿಪಿಯ ಗುರಿ ಪೋರ್ಟ್ 443 ಅಲ್ಲದಿದ್ದರೆ ಬೀಳಿಸು, ಯುಡಿಪಿ ಎಲ್ಲ ಬೀಳಿಸು, ಐಸಿಎಂಪಿ ಬಿಡು. ಇದು ಸಂಪರ್ಕದ ಸ್ಥಿತಿ ನೋಡದ ನಿಯಮ, ಆದ್ದರಿಂದ ಮನೆಯ ನೋಡ್‌ನಿಂದ ವಿಪಿಎಸ್‌ಗೆ ಎಸ್‌ಎಸ್‌ಹೆಚ್ ಮಾಡುವಾಗ ಸುರಂಗದ ವಿಳಾಸ ಬೇಡ, ಸಾರ್ವಜನಿಕ ವಿಳಾಸ ಬಳಸಿ. ಇಲ್ಲದಿದ್ದರೆ ವಾಪಸ್ ಬರುವ ಉತ್ತರವೂ ಬೀಳುತ್ತದೆ.

ಹಾಕಿದ ಮೇಲೆ ವಿಪಿಎಸ್‌ನಲ್ಲಿ ಕೂತು ನೆಟ್‌ಕ್ಯಾಟ್‌ನಿಂದ 10.99.0.2ರ 22, 6443, 10250 ಮತ್ತು ಟ್ರೆಫಿಕ್ ಸರ್ವಿಸ್‌ನ ನೋಡ್‌ಪೋರ್ಟ್ ತಟ್ಟಿ ನೋಡಿ. ನಾಲ್ಕೂ ಸುಮ್ಮನಿರಬೇಕು, 443 ಮಾತ್ರ ಬಾಗಿಲು ತೆಗೆಯಬೇಕು.

ಕೇಳುಗನ ನಿಜವಾದ ವಿಳಾಸ ತಿಳಿಯಲು ಹೆಚ್‌ಎಪ್ರಾಕ್ಸಿಯ ಸರ್ವರ್ ಸಾಲಿಗೆ ಸೆಂಡ್‌ಪ್ರಾಕ್ಸಿ ವಿ2 (ಮೂಲ ವಿಳಾಸವನ್ನು ಹೆಡರ್‌ನಲ್ಲಿ ಕಳಿಸುವ ಆಯ್ಕೆ) ಸೇರಿಸಿ, ಟ್ರೆಫಿಕ್‌ನಲ್ಲಿ ವೆಬ್‌ಸೆಕ್ಯೂರ್ (443ರ) ಪೋರ್ಟ್‌ನ ಪ್ರಾಕ್ಸಿಪ್ರೋಟೊಕಾಲ್, ಟ್ರಸ್ಟೆಡ್‌ಐಪಿಸ್‌ಗೆ 10.99.0.1/32 ಕೊಡಿ. ಇದನ್ನು ಕೆ3ಎಸ್‌ನ ಮ್ಯಾನಿಫೆಸ್ಟ್ಸ್ ಫೋಲ್ಡರ್‌ನ ಟ್ರೆಫಿಕ್.ಯಾಮಲ್‌ನಲ್ಲಿ ತಿದ್ದಬೇಡಿ, ಕೆ3ಎಸ್ ಮರುಶುರುವಾದಾಗ ಅಳಿಸಿ ಹಳೆಯದನ್ನೇ ಬರೆಯುತ್ತದೆ. ಪಕ್ಕದಲ್ಲಿ ಬೇರೆ ಫೈಲ್ ಮಾಡಿ, ಹೆಲ್ಮ್‌ಚಾರ್ಟ್‌ಕಾನ್ಫಿಗ್ (ಜೊತೆಗೆ ಬಂದ ಆ್ಯಪ್‌ನ ಸೆಟ್ಟಿಂಗ್ ಬದಲಿಸುವ ದಾಖಲೆ) ಬಗೆಯದು, ಹೆಸರು ಟ್ರೆಫಿಕ್, ನೇಮ್‌ಸ್ಪೇಸ್ (ಕ್ಲಸ್ಟರ್‌ನೊಳಗಿನ ವಿಭಾಗ) ಕ್ಯೂಬ್‌ಸಿಸ್ಟಮ್.

---

ಸೀಲುಮೊಹರು

ಸರ್ಟಿಫಿಕೇಟ್ ಬಗ್ಗೆ ಸ್ವಲ್ಪ. ಸರ್ಟಿಫಿಕೇಟ್ ತಾನೇ ಪಡೆದು ನವೀಕರಿಸುವ ಸರ್ಟ್‌ಮ್ಯಾನೇಜರ್ ಹಾಕಿ, ಡೊಮೇನ್ ನಿಮ್ಮದೆಂದು ತೋರಿಸಲು ಡಿಎನ್‌ಎಸ್01 ವಿಧಾನ ಹಿಡಿಯಿರಿ. ಹೆಚ್‌ಟಿಟಿಪಿ01ಕ್ಕೆ 80 ಮನೆಯವರೆಗೆ ಬರಬೇಕು, ಹೊಳೆದಾಟು ಅದನ್ನು ಬೇಡವೆಂದಿದ್ದಾರೆ, ಸರಿಯಾಗಿಯೇ ಹೇಳಿದ್ದಾರೆ. ಡಿಎನ್‌ಎಸ್01ರಲ್ಲಿ ಟಿಎಕ್ಸ್‌ಟಿ ದಾಖಲೆ ಬರೆದರೆ ಸಾಕು.

ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ (ಡೊಮೇನ್‌ನ ಎಲ್ಲ ಉಪಹೆಸರುಗಳಿಗೂ ಒಂದೇ) ತೆಗೆದುಕೊಳ್ಳಿ. ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಪ್ರತಿಯೊಂದು ಸರ್ಟಿಫಿಕೇಟ್ ಸಾರ್ವಜನಿಕ ಪಾರದರ್ಶಕತೆ ಲಾಗ್‌ಗೆ ಹೋಗುತ್ತದೆ. ಹೊಸ ಹೆಸರಿಗೆ ಸರ್ಟಿಫಿಕೇಟ್ ಪಡೆದರೆ ಊರಿಗೆಲ್ಲ ಡಂಗುರ ಸಾರಿದಂತೆ, ಆ ಲಾಗ್ ಓದುತ್ತಲೇ ಕೂತಿರುವ ಬಾಟ್‌ಗಳು ಬಂದು ತಟ್ಟುತ್ತವೆ. ನೆಕ್ಸ್ಟ್‌ಕ್ಲೌಡ್‌ನ ಅಡ್ಮಿನ್ ಖಾತೆ ಮಾಡುವ ಮೊದಲೇ ಸಾರ್ವಜನಿಕಗೊಳಿಸಿದರೆ ಆ ಅಡ್ಮಿನ್ ಬೇರೆ ಯಾರೋ ಆಗಿಬಿಡಬಹುದು. ವೈಲ್ಡ್‌ಕಾರ್ಡ್‌ನಲ್ಲಿ ಒಳಗಿನ ಹೆಸರುಗಳು ಲಾಗ್‌ಗೆ ಬೀಳುವುದಿಲ್ಲ. ಇದರಿಂದ ಪಾಸ್‌ವರ್ಡ್ ಗಟ್ಟಿಯಾಗುವುದಿಲ್ಲ, ಗದ್ದಲ ಕಡಿಮೆಯಾಗುತ್ತದೆ ಅಷ್ಟೇ.

ಹೆಚ್ಚಿನವರು ಎಡವುವ ಜಾಗ: ಕ್ಲಸ್ಟರ್‌ಇಶ್ಯೂಯರ್ (ಸರ್ಟಿಫಿಕೇಟ್ ಯಾರಿಂದ, ಹೇಗೆ ಪಡೆಯಬೇಕೆಂದು ಹೇಳುವ ದಾಖಲೆ) ಬಳಸುವ ಡಿಎನ್‌ಎಸ್ ಟೋಕನ್‌ನ ಸೀಕ್ರೆಟ್ ಸರ್ಟ್‌ಮ್ಯಾನೇಜರ್‌ನ ನೇಮ್‌ಸ್ಪೇಸ್‌ನಲ್ಲೇ ಇರಬೇಕು, ನೆಕ್ಸ್ಟ್‌ಕ್ಲೌಡ್‌ನ ನೇಮ್‌ಸ್ಪೇಸ್‌ನಲ್ಲಲ್ಲ. ಆ ಟೋಕನ್‌ಗೆ ಒಂದೇ ವಲಯ ತಿದ್ದುವ ಅಧಿಕಾರ ಕೊಡಿ, ಇಡೀ ಖಾತೆಯದ್ದಲ್ಲ. ಪ್ರಯೋಗವೆಲ್ಲ ಸ್ಟೇಜಿಂಗ್ ಸರ್ವರ್ ಮೇಲೆ ಮಾಡಿ. ಅಸಲಿಯಲ್ಲಿ ಅದೇ ಹೆಸರುಗಳ ಗುಂಪಿಗೆ 7 ದಿನಕ್ಕೆ 5 ಸರ್ಟಿಫಿಕೇಟ್ ಮಾತ್ರ. ಆರನೆಯದಕ್ಕೆ ಕಾಯಬೇಕು, ಬೇಡಿಕೊಂಡರೂ ಸಿಗುವುದಿಲ್ಲ. ಅವಧಿ ಮುಗಿಯುತ್ತಿದೆ ಎಂಬ ಇಮೇಲ್ ಕಳಿಸುವುದನ್ನು ಅವರು 2025ರ ಜೂನ್‌ನಲ್ಲೇ ನಿಲ್ಲಿಸಿದ್ದಾರೆ, ಎಚ್ಚರಿಕೆಯ ವ್ಯವಸ್ಥೆ ನೀವೇ ಮಾಡಿಕೊಳ್ಳಬೇಕು.

---

ತಾಳಮದ್ದಳೆ_ಕಡತ

ವಿಪಿಎಸ್ ದಾರಿ ಹಿಡಿದೆ. ಸುರಂಗ ಎದ್ದಿದೆ, ಪಿಂಗ್ ಹೋಗುತ್ತದೆ, ನೆಟ್‌ಕ್ಯಾಟ್ ಪರೀಕ್ಷೆಯಲ್ಲಿ 443 ಮಾತ್ರ ತೆರೆದಿದೆ. ಎರಡು ತೊಂದರೆ ಉಳಿದಿವೆ.

ಒಂದು, ಬ್ರೌಸರ್ ಟಿಎಲ್‌ಎಸ್ ಹಂತದಲ್ಲೇ ನೇತಾಡುತ್ತದೆ. ಟಿಸಿಪಿ ಸಂಪರ್ಕ ಆಗುತ್ತದೆ, ಆಮೇಲೆ ಏನೂ ಬರುವುದಿಲ್ಲ. ಎರಡು, ಟ್ರೆಫಿಕ್ ಲಾಗ್‌ನಲ್ಲಿ ಎಲ್ಲರ ವಿಳಾಸವೂ 10.42ರಿಂದ ಶುರುವಾಗುವ ಒಂದೇ ವಿಳಾಸ. ವೈರ್‌ಗಾರ್ಡ್‌ನ ಎಂಡ್‌ಪಾಯಿಂಟ್‌ಗೆ ವಿಪಿಎಸ್‌ನ ಹೆಸರು ಕೊಟ್ಟಿದ್ದೇನೆ, ಅದಕ್ಕೆ ಐಪಿವಿ4, ಐಪಿವಿ6 ಎರಡೂ ದಾಖಲೆ ಇವೆ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಏನೂ ಬದಲಿಸಿಲ್ಲ.

---

ಹೊಳೆದಾಟು

ನಿಮ್ಮ ಕೊನೆಯ ಎರಡು ವಾಕ್ಯದಲ್ಲೇ ಉತ್ತರ ಇದೆ. «ಡಬ್ಲ್ಯುಜಿ ಶೋ» ಕೊಟ್ಟು ಎಂಡ್‌ಪಾಯಿಂಟ್ ಸಾಲು ನೋಡಿ, ಚೌಕ ಆವರಣದೊಳಗೆ ಐಪಿವಿ6 ವಿಳಾಸ ಇದ್ದೇ ಇರುತ್ತದೆ.

ಲೆಕ್ಕ ಹೀಗೆ. ವೈರ್‌ಗಾರ್ಡ್‌ನ ಹೊದಿಕೆ ಐಪಿವಿ4 ಮೇಲೆ 60 ಬೈಟ್: ಐಪಿ 20, ಯುಡಿಪಿ 8, ವೈರ್‌ಗಾರ್ಡ್‌ನದೇ 32. ಐಪಿವಿ6 ಮೇಲೆ ಐಪಿ ಹೆಡರ್ 40, ಒಟ್ಟು 80. ಸಹಜ ಎಂಟಿಯು 1420, ಅಂದರೆ 1500ರಲ್ಲಿ 80 ಕಳೆದದ್ದು. ನಿಮ್ಮ ಪಿಪಿಪಿಒಇ ಗೆರೆ ಹೊರುವುದು 1492. ಐಪಿವಿ4 ಆಗಿದ್ದರೆ 1420ಕ್ಕೆ 60 ಸೇರಿ 1480, ಹಾದುಹೋಗುತ್ತಿತ್ತು. ಐಪಿವಿ6ರಲ್ಲಿ 1500 ಆಗುತ್ತದೆ, 8 ಬೈಟ್ ಹೆಚ್ಚು. «ಪ್ಯಾಕೆಟ್ ದೊಡ್ಡದಾಯಿತು» ಎಂದು ವಾಪಸ್ ಬರಬೇಕಾದ ಐಸಿಎಂಪಿವಿ6 ಸಂದೇಶವನ್ನು ರೂಟರ್ ಅಥವಾ ಯಾವುದೋ ಫೈರ್‌ವಾಲ್ ತಡೆದಿದ್ದರೆ ನಿಮ್ಮ ನೋಡ್‌ಗೆ ವಿಷಯವೇ ತಿಳಿಯುವುದಿಲ್ಲ. ಪಿಂಗ್ ಚಿಕ್ಕದು, ಹೋಗುತ್ತದೆ. ಟಿಸಿಪಿಯ ಮೊದಲ ಕೈಕುಲುಕು ಚಿಕ್ಕದು, ಹೋಗುತ್ತದೆ. ಟ್ರೆಫಿಕ್ ತನ್ನ ಸರ್ಟಿಫಿಕೇಟ್ ಕಳಿಸುವಾಗಲೇ ಮೊದಲ ತುಂಬು ಪ್ಯಾಕೆಟ್ ಹುಟ್ಟುವುದು, ಅದು ಕಾಣೆಯಾಗುತ್ತದೆ. ಅದಕ್ಕೇ ಸರಿಯಾಗಿ ಆ ಹಂತದಲ್ಲಿ ನೇತಾಡುತ್ತದೆ.

ಎರಡೂ ತುದಿಯಲ್ಲಿ ಎಂಟಿಯು 1412 ಮಾಡಿ. ಸಂಶಯವಿದ್ದರೆ 1380 ಮಾಡಿ, ಕಳೆದುಕೊಳ್ಳುವುದು ತೀರಾ ಕಡಿಮೆ. ವಿಪಿಎಸ್‌ನಿಂದ 10.99.0.2ಕ್ಕೆ ತುಂಡಾಗಬಾರದೆಂಬ ಗುರುತು ಹಾಕಿ 1384 ಬೈಟ್‌ನ ಪಿಂಗ್ ಕಳಿಸಿ. 28 ಬೈಟ್ ಹೆಡರ್ ಸೇರಿ ಸರಿಯಾಗಿ 1412. ಅದು ಹೋಗಬೇಕು, 1385 ಹೋಗಬಾರದು.

ಎರಡನೆಯದು. ಹೊರಗಿನ ಪ್ಯಾಕೆಟ್ ಸರ್ವಿಸ್‌ಎಲ್‌ಬಿಯ ಪಾಡ್ ಮೂಲಕ ಬರುವಾಗ ಮೂಲ ವಿಳಾಸ ಬದಲಾಗುತ್ತದೆ. ಟ್ರೆಫಿಕ್‌ಗೆ ಕಾಣುವುದು 10.42.0.0/16ರ ಒಂದು ವಿಳಾಸ, ನೀವು ನಂಬು ಎಂದದ್ದು 10.99.0.1 ಅನ್ನು ಮಾತ್ರ. ಹಾಗಾಗಿ ಪ್ರಾಕ್ಸಿ ಹೆಡರ್ ಬಂದರೂ ಅದನ್ನು ನಂಬದೆ ಬದಿಗಿಡುತ್ತದೆ. ಕೆಲವರು ಇದಕ್ಕೆ 10.42.0.0/16 ಅನ್ನೇ ನಂಬು ಎಂದು ಬರೆಯುತ್ತಾರೆ. ಬೇಡ. ಆಗ ಕ್ಲಸ್ಟರ್‌ನ ಯಾವ ಪಾಡ್ ಬೇಕಾದರೂ ಯಾವ ವಿಳಾಸದ ವೇಷ ಬೇಕಾದರೂ ಹಾಕಬಹುದು. ಹೆಲ್ಮ್‌ಚಾರ್ಟ್‌ಕಾನ್ಫಿಗ್‌ನಲ್ಲಿ ಸರ್ವಿಸ್‌ನ ಎಕ್ಸ್‌ಟರ್ನಲ್‌ಟ್ರಾಫಿಕ್‌ಪಾಲಿಸಿಯನ್ನು ಲೋಕಲ್ (ಬಂದ ನೋಡ್‌ನ ಪಾಡ್‌ಗೇ ಕೊಟ್ಟು ಮೂಲ ವಿಳಾಸ ಉಳಿಸುವ ಬಗೆ) ಮಾಡಿ. ಜೊತೆಯಲ್ಲೇ ಟ್ರೆಫಿಕ್ ಅನ್ನು ಡೀಮನ್‌ಸೆಟ್ (ಪ್ರತಿ ನೋಡ್‌ನಲ್ಲೂ ಒಂದು ಪಾಡ್) ಮಾಡಿ. ಇದನ್ನು ಮರೆತರೆ, ಟ್ರೆಫಿಕ್ ಪಾಡ್ ಇಲ್ಲದ ನೋಡ್‌ಗೆ ಬಂದ ಸಂಪರ್ಕ ಅಲ್ಲೇ ಬೀಳುತ್ತದೆ.

ಇದು ಬರೀ ಲಾಗ್‌ನ ಅಂದಕ್ಕಲ್ಲ. ತಪ್ಪು ಪಾಸ್‌ವರ್ಡ್ ಬಂದ ವಿಳಾಸವನ್ನು ನೆಕ್ಸ್ಟ್‌ಕ್ಲೌಡ್ ನಿಧಾನ ಮಾಡುತ್ತದೆ, ಒಂದು ವಿನಂತಿಗೆ 25 ಸೆಕೆಂಡಿನವರೆಗೆ. ಎಲ್ಲರೂ ಒಂದೇ ವಿಳಾಸದಿಂದ ಬಂದಂತೆ ಕಂಡರೆ ಎಲ್ಲೋ ಒಂದು ಬಾಟ್ ಮಾಡಿದ ತಪ್ಪಿಗೆ ಬಹ್ರೇನ್‌ನವರು ಕಾಯುತ್ತಾ ಕೂರಬೇಕು. ನೆಕ್ಸ್ಟ್‌ಕ್ಲೌಡ್‌ನ ಟ್ರಸ್ಟೆಡ್_ಪ್ರಾಕ್ಸೀಸ್‌ಗೆ 10.42.0.0/16, ಓವರ್‌ರೈಟ್‌ಪ್ರೋಟೊಕಾಲ್‌ಗೆ ಹೆಚ್‌ಟಿಟಿಪಿಎಸ್ ಕೊಡಿ. ಇಲ್ಲಿ ಪಾಡ್ ಜಾಲ ನಂಬಬಹುದು, ಆದರೆ ಕೆಳಗೆ ಯಾರಾದರೂ ನೆಟ್‌ವರ್ಕ್‌ಪಾಲಿಸಿ (ಯಾವ ಪಾಡ್ ಯಾರ ಜೊತೆ ಮಾತಾಡಬಹುದೆಂಬ ನಿಯಮ) ಬಗ್ಗೆ ಬರೆದಾಗ ಅದನ್ನು ತಪ್ಪದೆ ಹಾಕುವ ಷರತ್ತಿನ ಮೇಲೆ.

---

ಬೇಲಿಗೂಟ

ಆ ಭಾಗ ನಾನು ಬರೆಯುತ್ತೇನೆ. ಇಲ್ಲಿಯವರೆಗೆ ಆದದ್ದೆಲ್ಲ ದಾರಿಯ ಕಾವಲು. ನೆಕ್ಸ್ಟ್‌ಕ್ಲೌಡ್‌ನಲ್ಲೇ, ಅಥವಾ ಅದರ ಒಂದು ಆ್ಯಪ್‌ನಲ್ಲಿ ತೂತು ಕಂಡುಬಂದರೆ, ಬರುವವನು 443ರಲ್ಲಿ ಮರ್ಯಾದೆಯಿಂದ ಟಿಎಲ್‌ಎಸ್ ಹಾಕಿಕೊಂಡೇ ಬರುತ್ತಾನೆ. ಸುರಂಗ ಅವನನ್ನು ತಡೆಯುವುದಿಲ್ಲ. ಪಾಡ್ ಒಡೆದಿದೆ ಎಂದೇ ಇಟ್ಟುಕೊಂಡು, ಅಲ್ಲಿಂದ ಅವನು ಎಲ್ಲಿಗೆ ಹೋಗಬಲ್ಲ ಎಂದು ನೋಡಿ. ಈಗಿನ ಸ್ಥಿತಿಯಲ್ಲಿ ಪಾಡ್ ಒಳಗಿನಿಂದ ನಿಮ್ಮ ರೂಟರ್‌ನ ಲಾಗಿನ್ ಪುಟ, ನ್ಯಾಸ್, ಮನೆಯ ಟಿವಿ, ಕ್ಯಾಮೆರಾ ಎಲ್ಲವೂ ಸಿಗುತ್ತವೆ.

ಕೆ3ಎಸ್‌ನಲ್ಲಿ ನೆಟ್‌ವರ್ಕ್‌ಪಾಲಿಸಿ ಜಾರಿ ಮಾಡುವ ನಿಯಂತ್ರಕ ಮೊದಲೇ ಇದೆ, ಬೇರೇನೂ ಹಾಕಬೇಕಿಲ್ಲ. ನೆಕ್ಸ್ಟ್‌ಕ್ಲೌಡ್‌ನ ನೇಮ್‌ಸ್ಪೇಸ್‌ಗೆ ಮೊದಲು ಒಳಬರುವುದು, ಹೊರಹೋಗುವುದು ಎರಡನ್ನೂ ಪೂರ್ತಿ ಮುಚ್ಚುವ ಪಾಲಿಸಿ. ಆಮೇಲೆ ಒಂದೊಂದೇ ತೆರೆಯಿರಿ. ಒಳಕ್ಕೆ: ಕ್ಯೂಬ್‌ಸಿಸ್ಟಮ್‌ನ ಟ್ರೆಫಿಕ್ ಪಾಡ್‌ಗಳಿಂದ ಮಾತ್ರ, ಪಾಡ್‌ನ ಪೋರ್ಟ್ 80ಕ್ಕೆ. ಹೊರಕ್ಕೆ: ಕೋರ್‌ಡಿಎನ್‌ಎಸ್‌ಗೆ 53, ಯುಡಿಪಿ ಮತ್ತು ಟಿಸಿಪಿ ಎರಡೂ, ಪೋಸ್ಟ್‌ಗ್ರೆಸ್‌ಗೆ 5432, ರೆಡಿಸ್‌ಗೆ 6379, ಇಂಟರ್ನೆಟ್‌ಗೆ 0.0.0.0/0, ಆದರೆ 10.0.0.0/8, 172.16.0.0/12, 192.168.0.0/16 ಬಿಟ್ಟು. ಕೊನೆಯ ಮೂರು ಖಾಸಗಿ ವಿಳಾಸ ಗುಂಪುಗಳನ್ನು ಹೊರಗಿಡುವುದೇ ಇಡೀ ಕೆಲಸದ ತಿರುಳು.

ಪೋಸ್ಟ್‌ಗ್ರೆಸ್, ರೆಡಿಸ್ ಅದೇ ನೇಮ್‌ಸ್ಪೇಸ್‌ನಲ್ಲಿದ್ದರೆ ಅವುಗಳ ಒಳಬರುವ ದಾರಿಯೂ ಮುಚ್ಚಿದೆ ಎಂಬುದು ನೆನಪಿರಲಿ, ನೆಕ್ಸ್ಟ್‌ಕ್ಲೌಡ್ ಪಾಡ್‌ನಿಂದ ಅವಕ್ಕೆ ಬರುವುದನ್ನು ಬೇರೆಯಾಗಿ ತೆರೆಯಬೇಕು. ಡಿಎನ್‌ಎಸ್ ತೆರೆಯಲು ಮರೆತರೆ «ಡೇಟಾಬೇಸ್ ಸಿಗುತ್ತಿಲ್ಲ» ಎಂದು ದೂರು ಬರುತ್ತದೆ, ನೀವು ಪೋಸ್ಟ್‌ಗ್ರೆಸ್‌ನ ಪಾಸ್‌ವರ್ಡ್ ಹುಡುಕುತ್ತಾ ಕೂರುತ್ತೀರಿ. 10.43ರ ಸರ್ವಿಸ್ ವಿಳಾಸಗಳನ್ನು ಪಾಲಿಸಿಯಲ್ಲಿ ಬರೆಯಬೇಡಿ, ಲೇಬಲ್‌ನಿಂದಲೇ ಹೇಳಿ. ಪಾಲಿಸಿ ನೋಡುವ ಹೊತ್ತಿಗೆ ಗುರಿ ಪಾಡ್‌ನ ವಿಳಾಸವಾಗಿ ಬದಲಾಗಿರುತ್ತದೆ.

192.168 ಮುಚ್ಚಿದರೆ ಎನ್‌ಎಫ್‌ಎಸ್ ಕೆಡುವುದಿಲ್ಲವೇ ಎಂದು ಕೇಳುತ್ತೀರಿ. ಕೆಡುವುದಿಲ್ಲ. ಮೌಂಟ್ ಮಾಡುವುದು ನೋಡ್, ಪಾಡ್ ಅಲ್ಲ. ಪಾಡ್‌ನ ಪಾಲಿಸಿ ಅದಕ್ಕೆ ತಾಗುವುದಿಲ್ಲ. ಹಾಕಿದ ಮೇಲೆ ನೆಕ್ಸ್ಟ್‌ಕ್ಲೌಡ್ ಪಾಡ್‌ನೊಳಗೆ ಹೋಗಿ ಕರ್ಲ್‌ನಿಂದ 192.168.1.1 ಕೇಳಿ. ಉತ್ತರ ಬರದೆ ಸಮಯ ಮೀರಬೇಕು.

ಪಾಡ್‌ಗೆ ಆಟೋಮೌಂಟ್‌ಸರ್ವಿಸ್‌ಅಕೌಂಟ್‌ಟೋಕನ್ ಫಾಲ್ಸ್ ಮಾಡಿ, ನೆಕ್ಸ್ಟ್‌ಕ್ಲೌಡ್‌ಗೆ ಕುಬರ್ನೆಟಿಸ್ ಎಪಿಐ ಜೊತೆ ಮಾತಾಡುವ ಕೆಲಸವೇ ಇಲ್ಲ. ನೇಮ್‌ಸ್ಪೇಸ್‌ಗೆ ಪಾಡ್ ಸೆಕ್ಯುರಿಟಿಯ ಎನ್‌ಫೋರ್ಸ್ (ಜಾರಿ) ಲೇಬಲ್ ಬೇಸ್‌ಲೈನ್ ಮಟ್ಟಕ್ಕೆ, ವಾರ್ನ್ (ಎಚ್ಚರಿಕೆ ಮಾತ್ರ) ಲೇಬಲ್ ಇನ್ನೂ ಬಿಗಿಯಾದ ರಿಸ್ಟ್ರಿಕ್ಟೆಡ್ ಮಟ್ಟಕ್ಕೆ ಇಡಿ. ನೇರ ರಿಸ್ಟ್ರಿಕ್ಟೆಡ್ ಜಾರಿ ಮಾಡಿದರೆ ಅಪಾಚೆ ಇರುವ ಅಧಿಕೃತ ಇಮೇಜ್ ರೂಟ್ ಆಗಿ ಶುರುವಾಗುವುದರಿಂದ ಪಾಡ್ ಏಳುವುದೇ ಇಲ್ಲ. ಬೇಸ್‌ಲೈನ್ ಹಾಕಿದರೂ ಹೋಸ್ಟ್‌ನ ಫೋಲ್ಡರ್ ಮೌಂಟ್, ಪ್ರಿವಿಲೆಜ್ಡ್ ಮೋಡ್, ಹೋಸ್ಟ್ ಜಾಲ ಮುಚ್ಚಿಹೋಗುತ್ತವೆ. ದೊಡ್ಡ ಅಪಾಯ ಅವೇ.

ನೋಡ್‌ನಲ್ಲಿ ಕೆ3ಎಸ್‌ನ ಕ್ಯೂಬ್‌ಕಾನ್ಫಿಗ್ (ಕ್ಲಸ್ಟರ್ ಆಳುವ ಕೀಲಿ ಇರುವ) ಫೈಲ್‌ನ ಅನುಮತಿ ನೋಡಿ. ಎಷ್ಟೋ ಟ್ಯುಟೋರಿಯಲ್‌ಗಳು ಸುಲಭವಾಗಲಿ ಎಂದು 644 (ಎಲ್ಲರೂ ಓದಬಲ್ಲ ಅನುಮತಿ) ಮಾಡಿಸುತ್ತವೆ, ಆಗ ಆ ಯಂತ್ರದ ಪ್ರತಿ ಬಳಕೆದಾರನೂ ಕ್ಲಸ್ಟರ್‌ನ ಯಜಮಾನ. 600 ಮಾಡಿ.

ಟ್ರೆಫಿಕ್ ಬಿಟ್ಟು ಇಂಗ್ರೆಸ್ ಎಂಜಿನ್‌ಎಕ್ಸ್‌ಗೆ ಹೋಗಿ ಎಂದು ಹಳೆಯ ಬರಹಗಳಲ್ಲಿ ಓದಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2025ರ ಮಾರ್ಚ್‌ನಲ್ಲಿ ಅದರಲ್ಲಿ 9.8 ತೀವ್ರತೆಯ ತೂತು ಹೊರಬಿತ್ತು, ಪಾಡ್ ಜಾಲ ತಲುಪಬಲ್ಲ ಯಾರಾದರೂ ಕ್ಲಸ್ಟರ್‌ನ ಸೀಕ್ರೆಟ್‌ಗಳನ್ನು ಎತ್ತಬಹುದಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಆ ಯೋಜನೆಯನ್ನೇ ನಿಲ್ಲಿಸುವುದಾಗಿ ಪ್ರಕಟಿಸಿದರು, ನಿರ್ವಹಣೆಗೆ 2026ರ ಮಾರ್ಚ್‌ವರೆಗೆ ಗಡುವು ಕೊಟ್ಟಿದ್ದರು.

---

ತಾಳಮದ್ದಳೆ_ಕಡತ

1412 ಮಾಡಿದ ಕೂಡಲೇ ಪುಟ ತೆರೆಯಿತು. ಲಾಗ್‌ನಲ್ಲಿ ನಿಜವಾದ ವಿಳಾಸಗಳು ಬರುತ್ತಿವೆ, ಪಾಡ್‌ನಿಂದ ರೂಟರ್ ಸಿಗುತ್ತಿಲ್ಲ. ಆದರೆ ಶಿರಸಿಯಿಂದ ದೊಡ್ಡ ಫೈಲ್ ಅಪ್‌ಲೋಡ್ ಮಾಡಿದರೆ ಸರಿಯಾಗಿ ಒಂದು ನಿಮಿಷಕ್ಕೆ ಕಡಿದುಹೋಗುತ್ತದೆ. ಮನೆಯೊಳಗಿನಿಂದ ಹೋಗುತ್ತದೆ.

---

ಹಳೇಸರ್ವರ್

ಸರಿಯಾಗಿ ಒಂದು ನಿಮಿಷ ಅಂದರೆ ಟ್ರೆಫಿಕ್‌ನ ರೀಡ್‌ಟೈಮ್‌ಔಟ್. ಹಿಂದೆ ಅದಕ್ಕೆ ಮಿತಿಯೇ ಇರಲಿಲ್ಲ, 2.11.2ರಿಂದ ಮತ್ತು 3ರ ಸರಣಿಯಲ್ಲಿ 60 ಸೆಕೆಂಡು. ಅದು ವಿನಂತಿಯ ಇಡೀ ದೇಹ ಓದಿ ಮುಗಿಸಲು ಕೊಡುವ ಸಮಯ, ಸುಮ್ಮನಿದ್ದ ಸಮಯವಲ್ಲ. ಡೇಟಾ ಬರುತ್ತಿದ್ದರೂ ಕಡಿಯುತ್ತದೆ. ಮನೆಯೊಳಗೆ ವೇಗ ಹೆಚ್ಚು, ತುಂಡು ಬೇಗ ಮುಗಿಯುತ್ತದೆ, ಅದಕ್ಕೇ ಕಾಣುವುದಿಲ್ಲ.

ಎರಡೂ ಕಡೆಯಿಂದ ಸರಿಮಾಡಿ. ನೆಕ್ಸ್ಟ್‌ಕ್ಲೌಡ್‌ನ ಒಸಿಸಿ ಆಜ್ಞೆಯಿಂದ ಅಪ್‌ಲೋಡ್ ತುಂಡಿನ ಗರಿಷ್ಠ ಗಾತ್ರಕ್ಕೆ 20971520 ಕೊಡಿ, ಅಂದರೆ 20 ಎಂಬಿ. ಅಷ್ಟನ್ನು 60 ಸೆಕೆಂಡಿನಲ್ಲಿ ಕಳಿಸಲು ಸೆಕೆಂಡಿಗೆ 2.8 ಮೆಗಾಬಿಟ್ ಸಾಕು. ಇದು ಬ್ರೌಸರ್ ಅಪ್‌ಲೋಡ್‌ಗೆ. ಡೆಸ್ಕ್‌ಟಾಪ್ ಕ್ಲೈಂಟ್ ತನ್ನದೇ ಗಾತ್ರ ಹಿಡಿಯಬಹುದು, ಹಾಗಾಗಿ ವೆಬ್‌ಸೆಕ್ಯೂರ್ ಪೋರ್ಟ್‌ನ ಟ್ರಾನ್ಸ್‌ಪೋರ್ಟ್, ರೆಸ್ಪಾಂಡಿಂಗ್‌ಟೈಮ್‌ಔಟ್ಸ್ ಅಡಿಯಲ್ಲಿ ರೀಡ್‌ಟೈಮ್‌ಔಟ್ ಅನ್ನು 600 ಸೆಕೆಂಡು ಮಾಡಿ. ಸೊನ್ನೆ ಮಾಡಬೇಡಿ, ಸಂಪರ್ಕ ಹಿಡಿದು ಒಂದೊಂದೇ ಬೈಟ್ ತೊಟ್ಟಿಕ್ಕಿಸುವ ದಾಳಿಗೆ ತಡೆ ಇರುವುದಿಲ್ಲ.

ಕೇಳುಗರ ಲಿಂಕ್‌ಗೆ ವೇವ್ ಕೊಡಬೇಡಿ. 3.2 ಜಿಬಿಯ ಪ್ರಸಂಗವನ್ನು 300 ಜನ ಪೂರ್ತಿ ಇಳಿಸಿಕೊಂಡರೆ ಒಂದು ಟಿಬಿ ಹತ್ತಿರವಾಗುತ್ತದೆ, ಚಿಕ್ಕ ವಿಪಿಎಸ್‌ಗಳಿಗೆ ತಿಂಗಳಿಗೆ ಅಷ್ಟೇ ಕೊಟ್ಟಿರುವುದು ಸಾಮಾನ್ಯ. ಮಾತು, ಮದ್ದಳೆ, ಚೆಂಡೆಗೆ 64 ಕೆಬಿಪಿಎಸ್ ಓಪಸ್ ಕೇಳಲು ಚೆನ್ನಾಗಿರುತ್ತದೆ. ಐದು ಗಂಟೆಗೆ 144 ಎಂಬಿ. ವೇವ್ ಮೂಲಪ್ರತಿ ಎಂಟು ಜನರ ಖಾತೆಯಲ್ಲಿರಲಿ, ಆ ಎಂಟು ಖಾತೆಗಳಿಗೂ ಎರಡನೇ ಹಂತದ ಟಿಒಟಿಪಿ (ಫೋನಿನ ಆ್ಯಪ್ ತೋರಿಸುವ, ಆಗಾಗ ಬದಲಾಗುವ ಕೋಡ್) ಕಡ್ಡಾಯ ಮಾಡಿ.

ನೆಕ್ಸ್ಟ್‌ಕ್ಲೌಡ್ ಪಾಡ್‌ನ ಇಮೇಜ್ ಟ್ಯಾಗ್‌ನಲ್ಲಿ (ಯಾವ ಆವೃತ್ತಿ ಇಳಿಸಬೇಕೆಂಬ ಗುರುತು) ಲೇಟೆಸ್ಟ್ ಬರೆದಿದ್ದರೆ ತೆಗೆದು ಆವೃತ್ತಿ ಸಂಖ್ಯೆ ಬರೆಯಿರಿ. ನೆಕ್ಸ್ಟ್‌ಕ್ಲೌಡ್ ಮುಖ್ಯ ಆವೃತ್ತಿಗಳನ್ನು ಒಂದೊಂದಾಗಿಯೇ ಹತ್ತಬೇಕು. ಲೇಟೆಸ್ಟ್ ಒಮ್ಮೆಗೇ ಎರಡು ಮೆಟ್ಟಿಲು ಹಾರಿದರೆ ಪಾಡ್ ಶುರುವಾಗಲು ಒಪ್ಪುವುದಿಲ್ಲ, ಸೈಟ್ ಪೂರ್ತಿ ನಿಲ್ಲುತ್ತದೆ.